ಐಸ್ ನೀರಿನಲ್ಲಿ ನಾಲ್ಕು ನಿಮಿಷ

ಇಲಿಯಪ್ಪನ ಆ ದಿನದ ಫಜೀತಿಗೆಲ್ಲ ಮೂಲ, ಪಕ್ಕದ ಮನೆಯ ದರ್ಜಿ ಕನ್ನಡಕ ಹಾಕಿಕೊಳ್ಳದೆ ಬಾಗಿಲು ತೆಗೆದದ್ದು.

ಹಾಗಂತ ದರ್ಜಿಯನ್ನೇ ದೂರಿದರೂ ತಪ್ಪಾದೀತು. ಬೆಳಿಗ್ಗೆ ಇನ್ನೂ ಆರು ಗಂಟೆ. ಬಾಗಿಲಲ್ಲಿ ನಿಂತವನು ಕಳ್ಳನ ಹಾಗೆ ಆಚೀಚೆ ನೋಡುತ್ತ, ತಲೆಗೆ ಹಚ್ಚುವ ಬಣ್ಣ ಒಂದು ಪೊಟ್ಟಣವಿದ್ದರೆ ಕೊಡಿ, ನಾಳೆ ತಂದುಕೊಡುತ್ತೇನೆ ಎಂದು ಪಿಸುಗುಟ್ಟುತ್ತಾನೆ. ಕಪಾಟಿನಲ್ಲಿದ್ದದ್ದು ಎರಡು ಪೊಟ್ಟಣ. ಕಪ್ಪಿನದು ದರ್ಜಿಯದು, ಇನ್ನೊಂದು ಅವನ ಹೆಂಡತಿಯದು. ನಿದ್ದೆಗಣ್ಣಿಗೆ ಎರಡೂ ಒಂದೇ. ಕೈಗೆ ಸಿಕ್ಕಿದ್ದನ್ನು ಕೊಟ್ಟು, ಹತ್ತು ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ಹೇಳಿ ದರ್ಜಿ ಮತ್ತೆ ಹೋಗಿ ಮಲಗಿದ.

ಇಲಿಯಪ್ಪ ಇಟ್ಟುಕೊಂಡದ್ದು ಮುಕ್ಕಾಲು ಗಂಟೆ. ಬಚ್ಚಲುಮನೆಯ ಮರದ ಸ್ಟೂಲಿನ ಮೇಲೆ, ಹೆಗಲಿಗೆ ಹಳೆಯ ಟವೆಲು ಹೊದ್ದು ಕೂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅವನ ಮನಸ್ಸು ಆಗಲೇ ಹನ್ನೊಂದು ಗಂಟೆಯಲ್ಲಿತ್ತು. ಅಕ್ಕ ಬಾಗಿಲು ಬಡಿದು, ಒಳಗೇ ಮನೆ ಮಾಡಿಕೊಂಡೆಯಾ ಎಂದು ಕೇಳಿದಾಗ ಗಾಬರಿಯಿಂದ ಎರಡು ಚೊಂಬು ನೀರು ಸುರಿದುಕೊಂಡು ಹೊರಬಂದ. ಮುಕ್ಕಾಲು ಪಾಲು ಬೆಳ್ಳಗಾಗಿದ್ದ ಅವನ ತಲೆ ಈಗಷ್ಟೇ ತಿಕ್ಕಿ ತೊಳೆದಿಟ್ಟ ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು, ತಾನೂ ಗಂಡನನ್ನು ಕಳೆದುಕೊಂಡು ಹತ್ತು ವರ್ಷದಿಂದ ತಮ್ಮನ ಜೊತೆಗೇ ಇರುವವಳು. ಅವನ ಮುಖ ನೋಡಿಯೇ ಮುಕ್ಕಾಲು ವಿಷಯ ಓದಿಬಿಡುತ್ತಿದ್ದಳು.

"ಯಾರಿಗೋಸ್ಕರ ಇದು?"

"ತಲೆಹೊಟ್ಟಿನ ಔಷಧಿ ಅಕ್ಕ."

"ನಲವತ್ತೇಳು ವರ್ಷ ಇಲ್ಲದ ಹೊಟ್ಟು ಇವತ್ತೇ ಬಂತಾ?" ಎಂದಳು. ಆಮೇಲೆ ಹೆಚ್ಚು ಕೆದಕದೆ, ಉಣ್ಣೆಯ ಟೋಪಿ ಹುಡುಕಿ ಅವನ ಕೈಗಿತ್ತಳು.

ಇಲಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡದೊಂದು ಸಂಶೋಧನಾಲಯದ ಇಲಿಮನೆಯಲ್ಲಿ ಅವನು ಇಪ್ಪತ್ತೊಂದು ವರ್ಷದಿಂದ ಇಲಿ ನೋಡಿಕೊಳ್ಳುತ್ತಿದ್ದ. ಬೋನಿನ ಮರದ ಹೊಟ್ಟು ಬದಲಾಯಿಸುವುದು, ನೀರಿನ ಸೀಸೆ ತುಂಬಿಸುವುದು, ಮರಿಗಳು ದೊಡ್ಡವಾದಂತೆ ಗಂಡು ಹೆಣ್ಣು ಬೇರೆ ಮಾಡುವುದು ಅವನ ಕೆಲಸ. ತಲೆಗೊಂದು ತೆಳು ಟೋಪಿ, ಮೂಗು ಬಾಯಿಗೊಂದು ಮುಸುಕು ಕಟ್ಟಿಕೊಂಡೇ ಒಳಗಿರಬೇಕಾದ್ದರಿಂದ ಅಲ್ಲಿಯ ಬಹಳ ಜನರಿಗೆ ಅವನೆಂದರೆ ಎರಡು ಕಣ್ಣು ಮತ್ತು ಒಂದು ಬೋನು, ಅಷ್ಟೇ.

ಆ ಬೋನುಗಳು ಹೋಗುತ್ತಿದ್ದದ್ದು ಪಕ್ಕದ ಪರೀಕ್ಷೆ ಕೋಣೆಗೆ. ಅಲ್ಲಿ ಸ್ಟಾಪ್‌ವಾಚ್ ಹಿಡಿದು ಒಬ್ಬ ಹೆಂಗಸು ಕೂತಿರುತ್ತಿದ್ದಳು. ಇಲಿಯನ್ನು ಗಾಜಿನ ಕೊಳವೆಯೊಳಗೆ ಬಿಸಿ ತಟ್ಟೆಯ ಮೇಲೆ ಬಿಡಬೇಕು. ಅದು ಹಿಂಗಾಲು ಎತ್ತಿ ನೆಕ್ಕಿಕೊಂಡ ಕ್ಷಣವೇ ಗಡಿಯಾರ ನಿಲ್ಲಿಸಿ ಅದನ್ನು ಹೊರಗೆ ತೆಗೆಯಬೇಕು. ಎಷ್ಟು ಸೆಕೆಂಡು ತಡೆದುಕೊಂಡಿತೋ ಅಷ್ಟು ಅದರ ತಾಳಿಕೆ. ಕಾಲು ಸೆಕೆಂಡು ಆಚೀಚೆ ಆಗದ ಹಾಗೆ ಬರೆಯುತ್ತಿದ್ದ ಆಕೆಗೆ ಸಂಶೋಧನಾಲಯದವರು ಸೆಕೆಂಡಮ್ಮ ಎಂದು ಹೆಸರಿಟ್ಟಿದ್ದರು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಆ ವಯಸ್ಸು ಕಳೆದುಹೋಗಿತ್ತು. ಎಲ್ಲರೂ ಇಲಿಯಪ್ಪಾ ಎಂದು ಕೂಗಿದರೆ ಆಕೆಯೊಬ್ಬಳೇ ಇಲಿಯಪ್ಪನವರೇ ಎನ್ನುತ್ತಿದ್ದಳು. ಆ 'ನವರು' ಕೇಳುವುದಕ್ಕಾಗಿ ಅವನು ಒಂದೊಂದು ಸಲ ಕರೆದರೂ ಕೇಳಿಸದವನಂತೆ ನಿಲ್ಲುತ್ತಿದ್ದ.

ಇಷ್ಟು ಇಲಿಗಳ ಕಾಲು ಸುಡುವ ಅಗತ್ಯವೇನಿತ್ತೆಂದರೆ, ಅದು ದೊಡ್ಡ ಮೇಡಂ ಅವರ ಆರು ವರ್ಷದ ತಪಸ್ಸು. ಕೂದಲಿಗೆ ಬಣ್ಣ ಕೊಡುವ ಜೀನು ಕೂದಲಿಗಷ್ಟೇ ಸೀಮಿತವಲ್ಲ, ನೋವಿನ ವಿಷಯದಲ್ಲೂ ಅದು ಕೈಯಾಡಿಸುತ್ತದೆ ಎಂಬುದು ಅವರ ಮಾತು. ಆ ಜೀನು ಕೆಟ್ಟಿರುವ ಇಲಿಗಳು ಕಪ್ಪಾಗದೆ ಹಳದಿಯಾಗಿ ಹುಟ್ಟುತ್ತವೆ. ಒಂದು ಬಗೆಯ ನೋವಿನ ಔಷಧಿ ಹಳದಿ ಹೆಣ್ಣಿಲಿಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಹಳದಿ ಗಂಡಿಲಿಗಳಿಗೆ ಆ ಭಾಗ್ಯವಿಲ್ಲ. ಅವು ಕಪ್ಪು ಗಂಡುಗಳ ಹಾಗೆಯೇ. ಒಂದೇ ಜೀನು, ಒಂದೇ ಬಣ್ಣ, ಒಂದೇ ಔಷಧಿ, ಆದರೂ ಗಂಡಿಗೊಂದು ಹೆಣ್ಣಿಗೊಂದು. ಕೆಂಚುಗೂದಲಿನ ಹೆಂಗಸರಲ್ಲೂ ಗಂಡಸರಲ್ಲೂ ಹೀಗೆಯೇ ಎಂದು ತೋರಿಸುವುದಷ್ಟೇ ಬಾಕಿ ಉಳಿದಿತ್ತು.

ಇಲಿಯಪ್ಪನಿಗೆ ಆ ಆರು ವರ್ಷದಲ್ಲಿ ದಕ್ಕಿದ್ದು ಬೇರೆ. ಪ್ರತಿ ಇಲಿಗೂ, ಕಣ್ಣಿಗೆ ಕಾಣುತ್ತಿದ್ದರೂ, ಬಾಯಿಬಿಟ್ಟು ಕೇಳಿಯೇ ಬರೆಯಬೇಕೆಂಬ ನಿಯಮವಿತ್ತು.

"ಗಂಡಾ, ಹೆಣ್ಣಾ?"

"ಹೆಣ್ಣು."

"ಬಣ್ಣ?"

"ಹಳದಿ."

ದಿನಕ್ಕೆ ನಲವತ್ತು ಇಲಿ, ನಲವತ್ತು ಸಲ ಇದೇ ಮಾತು. ಅವರಿಬ್ಬರ ನಡುವೆ ನಡೆದ ಮಾತುಕತೆಯನ್ನೆಲ್ಲ ಅಚ್ಚು ಹಾಕಿಸಿದ್ದರೆ ದಿಂಬಿನಷ್ಟು ದಪ್ಪದ ಪುಸ್ತಕವಾಗುತ್ತಿತ್ತು, ಅದರಲ್ಲಿ ಇಲಿಯಪ್ಪ ಆಡಿದ್ದು ಮಾತ್ರ ಗಂಡು, ಹೆಣ್ಣು, ಕಪ್ಪು, ಹಳದಿ ಎಂಬ ನಾಲ್ಕೇ ಶಬ್ದ. ಆ ನಾಲ್ಕು ಶಬ್ದವನ್ನೇ ಅವನು ಎಷ್ಟು ಬಗೆಯಲ್ಲಿ ಹೇಳಲು ಕಲಿತಿದ್ದನೆಂದರೆ, ಆಕೆಗೆ ತಲೆನೋವಿದ್ದ ದಿನ ಮೆಲ್ಲಗೆ 'ಕಪ್ಪು' ಎನ್ನುತ್ತಿದ್ದ, ನಗುಮುಖವಿದ್ದ ದಿನ 'ಹಳದಿ' ಎನ್ನುವುದರಲ್ಲಿ ಹೊಸ ಸುದ್ದಿ ತಂದವನ ಉತ್ಸಾಹವಿರುತ್ತಿತ್ತು.

ಮೂರು ತಿಂಗಳ ಹಿಂದೆ ಆಕೆ ಬೇರೆ ಊರಿನ ಸಂಶೋಧನಾಲಯಕ್ಕೆ ತರಬೇತಿಗೆಂದು ಹೋದಳು. ಪರೀಕ್ಷೆಗಳು ನಿಂತವು. ಇಲಿಗಳಿಗೆ ಅದು ರಜೆ, ಅವನಿಗೆ ಸಜೆ. ಹನ್ನೊಂದು ಗಂಟೆಯಾದರೆ ಕಾಲು ತಾನಾಗಿ ಪರೀಕ್ಷೆ ಕೋಣೆಗೆ ಹೋಗುತ್ತಿತ್ತು. ಯಾರೂ ಕೂರದ ಕುರ್ಚಿಯ ಧೂಳು ಒರೆಸುತ್ತಿದ್ದ. ಒಂದು ದಿನ ಹಳೆಯ ರಿಜಿಸ್ಟರು ತೆಗೆದು ಆಕೆ ಬರೆದಿದ್ದ ಅಂಕಿಗಳನ್ನು ಓದುತ್ತ ಕೂತ. ಒಂಬತ್ತು ಸೆಕೆಂಡು, ಹನ್ನೆರಡು ಸೆಕೆಂಡು, ಏಳು ಸೆಕೆಂಡು. ಏಳರ ನಡುವೆ ಆಕೆ ಒಂದು ಪುಟ್ಟ ಅಡ್ಡಗೆರೆ ಎಳೆಯುತ್ತಿದ್ದಳು. ಬೇರೆಯವರು ಕಾಗದ ಓದುವ ಹಾಗೆ ಅವನು ಆ ಪುಟಗಳನ್ನು ಓದಿದ; ಏಳು ಬಂದಲ್ಲೆಲ್ಲ ಒಂದು ಕ್ಷಣ ನಿಂತ.

ಇವತ್ತು ಆಕೆ ವಾಪಸು ಬರುವ ದಿನ. ಊಟದ ಹೊತ್ತಿಗೆ ಟೋಪಿ, ಮುಸುಕು ತೆಗೆದು ಕ್ಯಾಂಟೀನಿಗೆ ಹೋಗಬೇಕು, ಆಕೆಯ ಎದುರಿಗೆ ಕೂರಬೇಕು, ಇಲಿಯ ಸುದ್ದಿಯಲ್ಲದ ಒಂದು ವಾಕ್ಯ ಆಡಬೇಕು ಎಂದು ಅವನು ಒಂದು ವಾರದಿಂದ ಧೈರ್ಯ ಕೂಡಿಸಿದ್ದ. ಅದಕ್ಕೇ ಬಣ್ಣ. ಈಗ ಬಣ್ಣವೇ ಕೈಕೊಟ್ಟಿತ್ತು.

ಗೇಟಿನಲ್ಲಿ ವಾಚ್‌ಮನ್ ತಡೆದ. ಬೇರೆಯವರ ಮನೆಯ ಹಾಲು ಉಕ್ಕಿದರೂ ತಾನು ಹೋಗಿ ಒಲೆ ಆರಿಸಿ ಬರುವ ಜಾತಿಯ ಮನುಷ್ಯ ಅವನು. ಸುಡು ಬಿಸಿಲಲ್ಲಿ ಉಣ್ಣೆ ಟೋಪಿಯೇಕೆ, ಜ್ವರವೇ ಎಂದು ಕೇಳುತ್ತಲೇ ಕೈಹಾಕಿ ಟೋಪಿ ಕಿತ್ತ. ಕಿತ್ತವನು ಅಷ್ಟೇ ಬೇಗ ಮತ್ತೆ ಮುಚ್ಚಿದ.

"ಯಾರಿಗೂ ಹೇಳಲ್ಲ," ಎಂದ, ಹೆಣ ಕಂಡವನ ಧ್ವನಿಯಲ್ಲಿ. "ನಾನಿದ್ದೀನಿ. ನೀನು ನಿಶ್ಚಿಂತೆಯಾಗಿರು."

ಇಲಿಯಪ್ಪನ ನಿಶ್ಚಿಂತೆ ಹೋದದ್ದು ಆಗಲೇ.

ದಿನವೆಲ್ಲ ಇಲಿಮನೆಯಿಂದ ಹೊರಗೆ ತಲೆ ಹಾಕದೆ, ಸಂಜೆ ಹೋಗಿ ಕಪ್ಪು ಬಣ್ಣ ಬಳಿದುಕೊಂಡರಾಯಿತು, ನಾಳೆ ಕ್ಯಾಂಟೀನಿಗೆ ಹೋದರಾಯಿತು ಎಂದುಕೊಂಡ. ಮೂರು ತಿಂಗಳು ಕಾದವನಿಗೆ ಒಂದು ದಿನ ಯಾವ ದೊಡ್ಡದು ಎಂದು ಬಿಳಿ ಕಿವಿಯ ಇಲಿಯೊಂದಕ್ಕೆ ಹೇಳಿಯೂ ಆಯಿತು. ಆದರೆ ಹತ್ತು ಗಂಟೆಯ ಹೊತ್ತಿಗೆ ಬಣ್ಣ ತನ್ನ ಗುಣ ತೋರಿಸತೊಡಗಿತು. ತಲೆಯೊಳಗೆ ಇರುವೆ ಗೂಡು ಕಟ್ಟಿದ ಹಾಗೆ ನವೆ. ತಡೆಯುವಷ್ಟು ತಡೆದು, ಕೊನೆಗೆ ಯಾರೂ ಇಲ್ಲದ ಓಣಿಗೆ ಬಂದು, ಟೋಪಿ, ಮುಸುಕು ತೆಗೆದು ಎರಡೂ ಕೈಯಿಂದ ಕೆರೆದುಕೊಳ್ಳುತ್ತ ಕಣ್ಣುಮುಚ್ಚಿದ. ಕಣ್ಣು ತೆರೆದಾಗ ಎದುರಿಗೆ ದೊಡ್ಡ ಮೇಡಂ.

ಅವರ ಹಿಂದೆ, ಕೈಯಲ್ಲಿ ಫೈಲು ಹಿಡಿದು, ಆಕೆ. ಕೊಂಚ ಬಡವಾಗಿದ್ದಳು. ಕೊರಳಲ್ಲಿ ಸ್ಟಾಪ್‌ವಾಚ್ ಆಗಲೇ ನೇತಾಡುತ್ತಿತ್ತು.

ದೊಡ್ಡ ಮೇಡಂ ಅವನ ತಲೆಯನ್ನು ನೋಡಿದ ರೀತಿ, ಕಳೆದುಹೋದ ಬಳೆ ನೆಲದ ಸಂದಿಯಲ್ಲಿ ಕಂಡವರ ಹಾಗಿತ್ತು. ಪರೀಕ್ಷೆಗೆ ಬೇಕಾಗಿದ್ದದ್ದು ಎಂಟು ಕೆಂಚುಗೂದಲಿನ ಗಂಡಸರು. ಆಕೆ ತರಬೇತಿಗೆ ಹೋಗುವ ಮೊದಲೇ ಏಳು ಜನರದ್ದು ಮುಗಿದಿತ್ತು. ಎಂಟನೆಯವನು ಆಗತಾನೆ ಫೋನು ಮಾಡಿ ಜ್ವರವೆಂದಿದ್ದ. ವರದಿ ಸಂಜೆಯೊಳಗೆ ಹೋಗಬೇಕಿತ್ತು. ಇಪ್ಪತ್ತೊಂದು ವರ್ಷ ನಮ್ಮಲ್ಲೇ ಇದ್ದೂ ಟೋಪಿಯೊಳಗೆ ಇದನ್ನು ಬಚ್ಚಿಟ್ಟುಕೊಂಡಿದ್ದೆಯಲ್ಲ ಎಂದು ಅವರು ಬೈದರು, ಪ್ರೀತಿಯಿಂದಲೇ.

"ಹುಟ್ಟಿನಿಂದಲೂ ಇದೇ ಬಣ್ಣಾನಾ?"

ಇಲ್ಲ ಮೇಡಂ, ಇದು ಪಕ್ಕದ ಮನೆಯ ದರ್ಜಿಯ ಹೆಂಡತಿಯ ಬಣ್ಣ ಎನ್ನಲು ಇಲಿಯಪ್ಪ ಬಾಯಿ ತೆರೆದ. ಆಕೆ ನೋಡುತ್ತಿದ್ದಳು. ಮುಸುಕಿಲ್ಲದ ಅವನ ಮುಖವನ್ನು ಆಕೆ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತೆರೆದ ಬಾಯಿಯಿಂದ ಗಾಳಿಯ ಹೊರತು ಏನೂ ಹೊರಬರಲಿಲ್ಲ.

ಆ ಕೆಲಸವನ್ನು ಟಪಾಲು ಕೊಡಲು ಬಂದಿದ್ದ ವಾಚ್‌ಮನ್ ವಹಿಸಿಕೊಂಡ. "ಹುಟ್ಟಿನಿಂದಲೇ ಮೇಡಂ. ಇವರ ತಾತನೂ ಕೆಂಚರೇ. ನಾನು ಚಿಕ್ಕವನಿದ್ದಾಗ ನೋಡಿದ್ದೆ," ಎಂದು ಹೇಳಿ, ಹೇಗೆ ಉಳಿಸಿದೆ ನೋಡು ಎನ್ನುವಂತೆ ಇಲಿಯಪ್ಪನಿಗೆ ಕಣ್ಣು ಹೊಡೆದ.

ಹತ್ತು ನಿಮಿಷದಲ್ಲಿ ಇಲಿಯಪ್ಪ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ, ಇಷ್ಟು ವರ್ಷ ತಾನು ಇಲಿಗಳನ್ನು ಬಿಟ್ಟುಬರುತ್ತಿದ್ದ ಕೋಣೆಯಲ್ಲಿ ತಾನೇ ಕೂತಿದ್ದ. ಮನುಷ್ಯರಿಗೆ ಬಿಸಿ ತಟ್ಟೆಯಲ್ಲ, ಐಸ್ ನೀರಿನ ಬೋಗುಣಿ. ಬಲಗೈಯನ್ನು ಮಣಿಕಟ್ಟಿನವರೆಗೆ ಅದರಲ್ಲಿ ಮುಳುಗಿಸಬೇಕು. ತಡೆಯಲಾರೆ ಎನಿಸಿದಾಗ ತೆಗೆಯಬಹುದು. ಎಷ್ಟೇ ಗಟ್ಟಿಗನಾದರೂ ಮೂರು ನಿಮಿಷಕ್ಕೆ ನಿಲ್ಲಿಸಿಬಿಡುತ್ತಾರೆ. ಎಡಗೈ ನಾಡಿಯನ್ನು ಗಡಿಯಾರ ನೋಡುವವರು ಹಿಡಿದಿರುತ್ತಾರೆ. ಆಮೇಲೆ ಒಂದು ಲೋಟದಲ್ಲಿ ಏನೋ ಕುಡಿಯಲು ಕೊಟ್ಟು, ಮುಕ್ಕಾಲು ಗಂಟೆ ಕಳೆದ ಮೇಲೆ ಮತ್ತೊಮ್ಮೆ ಅದೇ ಪರೀಕ್ಷೆ. ಲೋಟದಲ್ಲಿ ಏನಿದೆ ಎನ್ನುವುದನ್ನು ಔಷಧಿ ಬೀರುವಿನ ಬೀಗ ಇಟ್ಟುಕೊಂಡ ಗುಮಾಸ್ತ ಒಂದು ಲಕೋಟೆಯಲ್ಲಿ ಬರೆದು ಅಂಟಿಸಿಟ್ಟಿರುತ್ತಾನೆ.

ನಾಡಿ ಹಿಡಿಯುತ್ತಾರೆ ಎಂಬ ಮಾತು ಕಿವಿಗೆ ಬಿದ್ದಾಗ ಇಲಿಯಪ್ಪನಿಗೆ ದರ್ಜಿಯ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಅಂಗಿಯ ತೋಳು ಮಡಚಿ ಎಡಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾದ.

ಅಷ್ಟರಲ್ಲಿ ಅದೇ ಗುಮಾಸ್ತ ಬಾಗಿಲಲ್ಲಿ ಪ್ರತ್ಯಕ್ಷನಾದ. ತರಬೇತಿಯಿಂದ ಬಂದವರು ಹಾಜರಿ ಪುಸ್ತಕಕ್ಕೆ ಹನ್ನೊಂದರೊಳಗೆ ಸಹಿ ಹಾಕದಿದ್ದರೆ ಇವತ್ತೂ ಬಂದಿಲ್ಲವೆಂದೇ ಆಗುತ್ತದೆ, ಆಮೇಲೆ ತನ್ನನ್ನು ಕೇಳಬೇಡಿ ಎಂದ. ಆಕೆ ಎದ್ದು ಹೋಗಬೇಕಾಯಿತು. ಮೊದಲ ಸುತ್ತಿಗೆ ಸೆಕೆಂಡು ಎಣಿಸುವುದಷ್ಟೇ ತಾನೇ, ನೀನೇ ಕೂತುಕೋ ಎಂದು ದೊಡ್ಡ ಮೇಡಂ ವಾಚ್‌ಮನ್‌ಗೆ ಹೇಳಿ ತಮ್ಮ ಕೋಣೆಗೆ ಹೋದರು.

ವಾಚ್‌ಮನ್ ಅಂಗೈ ಹಳೆಯ ಚಪ್ಪಲಿಯಷ್ಟು ಒರಟು. ಕಳ್ಳನನ್ನು ಹಿಡಿದಂತೆ ಅವನು ಮಣಿಕಟ್ಟನ್ನು ಬಿಗಿಹಿಡಿದು, ತನ್ನ ಮೊಣಕಾಲು ನೋವಿನ ಪುರಾಣ ತೆಗೆದ. ಇಲಿಯಪ್ಪ ಬಲಗೈ ಮುಳುಗಿಸಿದ. ಮೂಳೆಗೆ ಯಾರೋ ಸುತ್ತಿಗೆಯಿಂದ ಮೊಳೆ ಹೊಡೆದ ಹಾಗಾಯಿತು. ಪುರಾಣದಲ್ಲಿ ಎಡ ಮೊಣಕಾಲಿನಿಂದ ಬಲ ಮೊಣಕಾಲಿಗೆ ಬರುವಷ್ಟರಲ್ಲಿ ಕೈ ಹೊರಗೆ ಬಂದಿತ್ತು.

ಹನ್ನೊಂದು ಸೆಕೆಂಡು. ನಮ್ಮ ಇಲಿಗಳೇ ವಾಸಿ ಕಣಪ್ಪಾ ಎಂದು ವಾಚ್‌ಮನ್ ಬರೆದುಕೊಂಡ.

ಲೋಟ ಬಂತು. ಇಲಿಯಪ್ಪ ಕುಡಿದ. ಮುಕ್ಕಾಲು ಗಂಟೆ ಗೋಡೆ ನೋಡಿದ. ಈ ಸಲ ಬಾಗಿಲು ತೆರೆದು ಬಂದವಳು ಆಕೆ.

ಆಕೆ ಕುರ್ಚಿ ಎಳೆದುಕೊಂಡು ಕೂತು, ಎರಡೇ ಬೆರಳನ್ನು ಅವನ ಎಡ ಮಣಿಕಟ್ಟಿನ ಮೇಲಿಟ್ಟಳು. ಕೈ ಹಾಕಿ ಎಂದಳು. ಅವನು ಹಾಕಿದ. ಗಡಿಯಾರ ಒತ್ತಿದ ಸದ್ದು ಕೇಳಿಸಿತು. ಪರೀಕ್ಷೆಯ ಹೊತ್ತಿನಲ್ಲಿ ಮಾತಾಡಬಾರದೆಂಬ ನಿಯಮವನ್ನು ಆಕೆಯೇ ಬರೆದು ಗೋಡೆಗೆ ಅಂಟಿಸಿದ್ದಳು. ಅದನ್ನು ಮುರಿದವಳೂ ಆಕೆಯೇ.

"ಅಲ್ಲಿ ಇಲಿಗಳನ್ನ ಬಾಲ ಹಿಡಿದು ಎತ್ತುತ್ತಾರೆ ಇಲಿಯಪ್ಪನವರೇ. ನೀವು ಬೊಗಸೇಲಿ ಎತ್ತಿ ಕೊಡ್ತೀರಲ್ಲ, ಹಾಗೆ ಕೊಡೋರು ಯಾರೂ ಇರಲಿಲ್ಲ."

"ಬಾಲ ಹಿಡಿದರೆ ಅವು ಹೆದರಿಕೊಳ್ತವೆ ಮೇಡಂ," ಎಂದ ಇಲಿಯಪ್ಪ. ಆರು ವರ್ಷದಲ್ಲಿ ಆಕೆಯೊಂದಿಗೆ ಅವನು ಆಡಿದ ಮೊದಲ ಪೂರ್ತಿ ವಾಕ್ಯ ಅದು. ಇಲಿಯದ್ದೇ ಆದರೂ ವಾಕ್ಯ ವಾಕ್ಯವೇ.

ಕಿವಿ ಹರಿದ ಹಳದಿ ಹೆಣ್ಣಿಲಿ ಹೇಗಿದೆ ಎಂದು ಆಕೆ ಕೇಳಿದಳು. ಚೆನ್ನಾಗಿದೆ, ನೀವು ಹೋದ ಮೇಲೆ ಎರಡು ಸಲ ಮರಿ ಹಾಕಿತು ಎಂದ. ಅಲ್ಲಿಯ ಕೋಣೆಗೆ ಕಿಟಕಿಯೇ ಇರಲಿಲ್ಲ, ಹಗಲು ಯಾವಾಗ ಮುಗಿಯುತ್ತಿತ್ತೋ ತಿಳಿಯುತ್ತಿರಲಿಲ್ಲ ಎಂದಳು. ಇಲ್ಲಿಯೂ ಹಾಗೇ ಇತ್ತು ಎಂದ ಅವನು, ಇಲ್ಲಿ ಆರು ಅಡಿಯ ಕಿಟಕಿ ಇದ್ದರೂ. ಆಕೆ ಸ್ವಲ್ಪ ನಕ್ಕಳು. ತಾಯಿ ತೀರಿಕೊಂಡ ಮೇಲೆ ಮನೆಗೆ ಹೋಗಿ ಬೀಗ ತೆಗೆಯುವಾಗ ಒಳಗಿನಿಂದ ಯಾರೂ ಯಾರು ಅದು ಎಂದು ಕೇಳುವುದಿಲ್ಲ, ಅದೊಂದು ಅಭ್ಯಾಸವಾಗಿಲ್ಲ ಎಂದಳು. ಆಕೆಯ ಬೆರಳ ಕೆಳಗೆ ಅವನ ನಾಡಿ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

"ನೀವು ಊಟ ಯಾಕೆ ಯಾವಾಗಲೂ ಒಬ್ಬರೇ ಮಾಡ್ತೀರಿ?"

ಒಂದು ವಾರದಿಂದ ಕೂಡಿಸಿದ ವಾಕ್ಯ ಗಂಟಲಿನವರೆಗೆ ಬಂತು. ತುಟಿ ದಾಟುವುದರಲ್ಲಿತ್ತು. ಆಗ ದೊಡ್ಡ ಮೇಡಂ ಬಾಗಿಲು ತಳ್ಳಿ, ಇನ್ನೂ ಮುಗಿದಿಲ್ಲವೇ, ಎಷ್ಟಾಯಿತು ಎಂದು ಕೇಳಿದರು.

ಆಕೆ ಬೆಚ್ಚಿ ಗಡಿಯಾರ ನೋಡಿದಳು. ನಾಲ್ಕು ನಿಮಿಷ ಹದಿನೇಳು ಸೆಕೆಂಡು.

ಬೋಗುಣಿಯಿಂದ ತೆಗೆದ ಕೈ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ನೋಯುತ್ತಿದೆಯೇ ಎಂದು ದೊಡ್ಡ ಮೇಡಂ ಕೇಳಿದರೆ, ಇಲಿಯಪ್ಪ ಅದು ಯಾರದೋ ಕೈ ಎಂಬಂತೆ ನೋಡಿ, ಇಲ್ಲವಲ್ಲ ಎಂದ. ನಿಜಕ್ಕೂ ಇರಲಿಲ್ಲ.

ದೊಡ್ಡ ಮೇಡಂ ಕುಸಿದು ಕೂತರು. ಕೆಂಚುಗೂದಲಿನ ಗಂಡಸು, ಔಷಧಿಗೆ ಮೊದಲು ಹನ್ನೊಂದು ಸೆಕೆಂಡು, ಆಮೇಲೆ ನಾಲ್ಕು ನಿಮಿಷ. ಸಾವಿರಾರು ಇಲಿಗಳು ಒಂದೇ ದನಿಯಲ್ಲಿ ಹೇಳಿದ್ದನ್ನು ಈ ಒಬ್ಬ ಮನುಷ್ಯ ಕೈ ಅದ್ದಿ ಅಳಿಸಿಹಾಕಿದ್ದ. ಇವನನ್ನು ಬಿಟ್ಟು ಬರೆದರೆ ಮೋಸ, ಸೇರಿಸಿ ಬರೆದರೆ ಮುಳುಗಡೆ ಎಂದು ಅವರು ತಮಗೇ ಹೇಳಿಕೊಂಡರು. ಆಮೇಲೆ ಅವರ ದೃಷ್ಟಿ ಗಡಿಯಾರದ ಮೇಲೆ ನಿಂತಿತು.

ಮೂರು ನಿಮಿಷಕ್ಕೆ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರು.

"ಗಮನಿಸಲಿಲ್ಲ ಮೇಡಂ."

ಕಾಲು ಸೆಕೆಂಡು ತಪ್ಪದವಳು ಎಪ್ಪತ್ತೇಳು ಸೆಕೆಂಡು ಗಮನಿಸಲಿಲ್ಲ. ಹಾಗಾದರೆ ಇಷ್ಟು ವರ್ಷ ಇನ್ನೆಷ್ಟು ಸಲ ಗಮನಿಸಿಲ್ಲವೋ, ಆ ರಿಜಿಸ್ಟರುಗಳನ್ನೆಲ್ಲ ನಂಬುವುದು ಹೇಗೆ, ಎಲ್ಲವನ್ನೂ ಮೊದಲಿನಿಂದ ಮಾಡಬೇಕೋ ಏನೋ ಎಂದು ದೊಡ್ಡ ಮೇಡಂ ಮೆಲ್ಲಗೇ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಆಕೆಯ ಮುಖ ಸುಣ್ಣದ ಗೋಡೆಯಾಯಿತು.

ಆ ಮುಖ ನೋಡಿದ ಮೇಲೆ ಇಲಿಯಪ್ಪನಿಗೆ ತಲೆಯ ಮಾನ ಉಳಿಸಿಕೊಳ್ಳುವ ಆಸೆ ಉಳಿಯಲಿಲ್ಲ. ಎದ್ದು ನಿಂತು, ಪಾಠ ಒಪ್ಪಿಸುವವನ ಹಾಗೆ, ಎಲ್ಲವನ್ನೂ ಹೇಳಿದ. ತಾನು ಕೆಂಚನಲ್ಲ, ಕಪ್ಪುಗೂದಲಿನವನು, ಅದೂ ಈಗ ಮುಕ್ಕಾಲು ಬಿಳಿ. ಇದು ಬೆಳಿಗ್ಗೆ ಬಳಿದುಕೊಂಡ ಬಣ್ಣ. ಮುಕ್ಕಾಲು ಗಂಟೆ ಇಟ್ಟುಕೊಂಡದ್ದು ತನ್ನದೇ ತಪ್ಪು. ಗಡಿಯಾರ ಹಿಡಿದ ಮೇಡಂದು ಏನೂ ತಪ್ಪಿಲ್ಲ, ಅವರ ಸೆಕೆಂಡುಗಳೆಲ್ಲ ಸರಿಯಾಗಿವೆ, ರಿಜಿಸ್ಟರನ್ನು ತಾನು ಓದಿದ್ದೇನೆ.

ತಾತ ಕೆಂಚರಿದ್ದದ್ದು ಮಾತ್ರ ನಿಜ ಎಂದು ವಾಚ್‌ಮನ್ ಬಾಗಿಲಿನಿಂದ ಸೇರಿಸಿದ. ಯಾರೂ ಅವನತ್ತ ತಿರುಗಲಿಲ್ಲ.

"ನನಗೆ ಗೊತ್ತಿತ್ತು ಮೇಡಂ," ಎಂದಳು ಆಕೆ, ನೆಲ ನೋಡುತ್ತ. "ಅವರ ಕಿವಿಗೂ ಬಣ್ಣ ಹತ್ತಿದೆ. ಓಣಿಯಲ್ಲಿ ನೋಡಿದಾಗಲೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಕೂರಿಸಿದೆ?"

ಆಕೆ ರಿಜಿಸ್ಟರು ಮುಚ್ಚಿ ಪಕ್ಕಕ್ಕಿಟ್ಟಳು.

ದೊಡ್ಡ ಮೇಡಂ ಅಂಥ ಮೌನವನ್ನು ಅಲ್ಲಿಗೇ ಬಿಡುವವರಲ್ಲ. ಹುಸಿ ಕೆಂಚನನ್ನು ಪಟ್ಟಿಯಿಂದ ಹೊಡೆದುಹಾಕಿದರು. ಎಂಟನೆಯವನ ಜ್ವರ ಇಳಿಯಲಿ, ವರದಿ ಒಂದು ವಾರ ತಡವಾದರೆ ಆಗಲಿ ಎಂದರು. ಆದರೆ ಕಪ್ಪುಗೂದಲಿನವನಾದರೂ ಹನ್ನೊಂದು ಸೆಕೆಂಡಿನಿಂದ ನಾಲ್ಕು ನಿಮಿಷಕ್ಕೆ ಹಾರಿಸುವ ಔಷಧಿ ಲೋಕದಲ್ಲಿಲ್ಲ. ಗುಮಾಸ್ತನನ್ನು ಕರೆಸಿ ಲಕೋಟೆ ಒಡೆಸಿದರು.

ಲೋಟದಲ್ಲಿದ್ದದ್ದು ನೀರು.

ತಾನೇ ಕೈಯಾರೆ ಅಳೆದು ಸುರಿದದ್ದು, ಹೋಲಿಕೆಗೆಂದು ಕೆಲವರಿಗೆ ಔಷಧಿಯ ಬದಲು ಕೊಡುವ ಬರೀ ಕುಡಿಯುವ ನೀರು, ಬೇಕಾದರೆ ಆಣೆ ಮಾಡುತ್ತೇನೆ ಎಂದ ಗುಮಾಸ್ತ, ಯಾರೂ ಸಂಶಯಪಡದಿದ್ದರೂ.

ದೊಡ್ಡ ಮೇಡಂ ಎರಡು ಸಲ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದರು. ಅದೇ ಬೋಗುಣಿ, ಅದೇ ನೀರು, ಅದೇ ಕೈ. ಬದಲಾದದ್ದು ಏನು?

"ಮೊದಲ ಸಲ ನಾಡಿ ಹಿಡಿದವರು ಯಾರು?"

ವಾಚ್‌ಮನ್ ಶಾಲೆಯ ಹುಡುಗನ ಹಾಗೆ ಕೈಯೆತ್ತಿದ.

"ಎರಡನೇ ಸಲ?"

ದೊಡ್ಡ ಮೇಡಂ ಇವನನ್ನು ನೋಡಿದರು, ಆಕೆಯನ್ನು ನೋಡಿದರು, ಮತ್ತೆ ಇವನನ್ನು ನೋಡಿದರು. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಬಂತು.

"ಗಂಡಿಲಿ ಯಾಕೆ ಹೀಗೆ, ಹೆಣ್ಣಿಲಿ ಯಾಕೆ ಹಾಗೆ ಅಂತ ಆರು ವರ್ಷ ಬೋನಿನ ಒಳಗೇ ನೋಡ್ತಾ ಇದ್ದೆ," ಎಂದರು. "ಬೋನಿನ ಹೊರಗೆ ನೋಡಲೇ ಇಲ್ಲ."

ಇಲ್ಲಿಯವರೆಗೆ ಇಲಿಯಪ್ಪ ತನಗೇ ಸರಿಯಾಗಿ ಹೇಳಿಕೊಳ್ಳದಿದ್ದ ಮಾತು ಗುಮಾಸ್ತ, ವಾಚ್‌ಮನ್ ಎಲ್ಲರ ಎದುರಿಗೆ ಸೆಕೆಂಡು ಸಮೇತ ಹೊರಬಿದ್ದಿತ್ತು. ಅವನ ಕಿವಿ ಬಣ್ಣವಿಲ್ಲದೆಯೇ ಕೆಂಪಾಯಿತು. ಓಡಿಹೋಗಬೇಕು ಎಂದು ಬಾಗಿಲು ನೋಡಿದ. ವಾಚ್‌ಮನ್ ಅಡ್ಡ ನಿಂತಿದ್ದ. ಬೇರೆ ದಾರಿಯಿಲ್ಲದೆ ಆಕೆಯ ಕಡೆ ತಿರುಗಿದ. ಆಕೆ ಗಡಿಯಾರದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಆದರೆ ಕಣ್ಣು ಮೇಲೆತ್ತಿ ಅವನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ. ಎಪ್ಪತ್ತೇಳು ಸೆಕೆಂಡು ಎಲ್ಲಿ ಹೋದವು ಎಂಬುದು ಅವನಿಗೆ ಆಗ ತಿಳಿಯಿತು.

ದೊಡ್ಡ ಮೇಡಂ ಆಗಲೇ ಮೇಜಿನ ಮೇಲೆ ಹೊಸ ಕಾಗದ ಹರಡಿದ್ದರು. ಔಷಧಿಯಿಲ್ಲದೆ, ಜೊತೆಗಿರುವವರಿಂದಲೇ ನೋವು ಇಷ್ಟು ಕಡಿಮೆಯಾಗುತ್ತದೆ ಎಂದರೆ ಅದನ್ನು ಸರಿಯಾಗಿ ಅಳೆಯಬೇಕು, ಗಂಡಸಿನಲ್ಲೂ ಅಳೆಯಬೇಕು, ಹೆಂಗಸಿನಲ್ಲೂ ಅಳೆಯಬೇಕು, ಎರಡರಲ್ಲೂ ಒಂದೇ ಬಗೆಯೋ ಬೇರೆಯೋ ನೋಡಬೇಕು. ಇವನ ಕೈ ನೀರಿನಲ್ಲಿರುವಾಗ ಆಕೆ ನಾಡಿ ಹಿಡಿಯಬೇಕು; ಆಕೆಯ ಕೈ ನೀರಿನಲ್ಲಿರುವಾಗ ಇವನು. ಇಬ್ಬರೂ ಒಂದೇ ಕೋಣೆಯಲ್ಲಿ, ದಿನಾ ಹನ್ನೊಂದು ಗಂಟೆಗೆ, ಆರು ತಿಂಗಳು. ಒಪ್ಪಿಗೆಯಿದ್ದರೆ ಇಲ್ಲಿ ಸಹಿ ಹಾಕಿ ಎಂದರು.

ಆಕೆ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಮುಂದೆ ಬಂದು ಸಹಿ ಹಾಕಿದಳು. ಇಲಿಯಪ್ಪ ಜೋಮು ಹಿಡಿದ ಬಲಗೈಯಲ್ಲೇ ಪೆನ್ನು ಹಿಡಿದು, ಆಕೆಯ ಹೆಸರಿನ ಕೆಳಗೆ ತನ್ನ ಹೆಸರು ಬರೆದ. ಎರಡು ಹೆಸರು ಒಂದೇ ಕಾಗದದ ಮೇಲೆ, ಒಂದರ ಕೆಳಗೊಂದು. ನಾಳೆ ಹನ್ನೊಂದು, ನಾಳಿದ್ದು ಹನ್ನೊಂದು, ಆಚೆ ನಾಳಿದ್ದು ಹನ್ನೊಂದು ಎಂದು ಅವನ ಮನಸ್ಸು ಎಣಿಸತೊಡಗಿತ್ತು.

ದೊಡ್ಡ ಮೇಡಂ ಕಾಗದವನ್ನು ತಮ್ಮತ್ತ ಎಳೆದುಕೊಂಡು, ಸಹಿಯ ಮೇಲೆ ಮುದ್ರೆ ಒತ್ತಿದರು.

"ಇದು ಎರಡನೇ ಹಂತ," ಎಂದರು. "ಜೊತೆಯಿದ್ದಾಗ ಎಷ್ಟು ಅಂತ ಗೊತ್ತಾಗಬೇಕಾದರೆ, ಜೊತೆಯಿಲ್ಲದಾಗ ಎಷ್ಟು ಅಂತ ಮೊದಲು ಗೊತ್ತಾಗಬೇಕಲ್ಲ. ಮೊದಲ ಹಂತ ಇವತ್ತಿನಿಂದಲೇ. ಅದೂ ಆರು ತಿಂಗಳು."

ಮೊದಲ ಹಂತದ ನಿಯಮಗಳನ್ನು ಅವರು ಗುಮಾಸ್ತನಿಗೆ ಹೇಳಿ ಬರೆಸಿದರು. ಇಬ್ಬರೂ ಒಬ್ಬರಿಗೊಬ್ಬರು ಕಾಣಬಾರದು, ಮಾತಾಡಬಾರದು, ಚೀಟಿ ಕಳಿಸಬಾರದು, ಕಿಟಕಿಯಿಂದಲೂ ನೋಡಬಾರದು. ಒಂದು ಸಲ ಕಂಡರೂ ಅಳತೆ ಕೆಟ್ಟು ಮತ್ತೆ ಮೊದಲಿನಿಂದ ಆರು ತಿಂಗಳು. ಆಕೆಗೆ ಹಿಂದಿನ ಕಟ್ಟಡದ ಮೂರನೇ ಮಹಡಿ. ಅಲ್ಲಿ ಆಕೆಯ ನಾಡಿ ಹಿಡಿಯಲು ಗುಮಾಸ್ತ. ಇಲ್ಲಿ ಇವನ ನಾಡಿ ಹಿಡಿಯಲು ವಾಚ್‌ಮನ್. ಪ್ರತಿ ಸಲ ಕೈ ಮುಳುಗಿಸುವ ಮೊದಲು ಒಂದು ಸಲ, ತೆಗೆದ ಮೇಲೆ ಒಂದು ಸಲ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿ ಬರೆಯಬೇಕು.

ಆಕೆ ಕೊರಳಿನಿಂದ ಗಡಿಯಾರ ತೆಗೆದು ವಾಚ್‌ಮನ್ ಕೈಯಲ್ಲಿಟ್ಟಳು. ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು. ಬರುತ್ತೇನೆ ಎಂದು ಹೇಳುವುದಕ್ಕೂ ಆಗ ನಿಯಮ ಅಡ್ಡ ಬಂದಿತ್ತು. ಗುಮಾಸ್ತನ ಹಿಂದೆ ಆಕೆಯ ಚಪ್ಪಲಿಯ ಸದ್ದು ಓಣಿಯುದ್ದಕ್ಕೂ ಹೋಗಿ, ಮೆಟ್ಟಿಲಿಳಿದು, ನಿಂತುಹೋಯಿತು.

ವಾಚ್‌ಮನ್ ಹೊಸ ಐಸ್ ತಂದು ಬೋಗುಣಿಗೆ ಸುರಿದ. ಕುರ್ಚಿ ಎಳೆದುಕೊಂಡು ಕೂತು, ಕಾಗದವನ್ನು ದೂರ ಹಿಡಿದು ಅಕ್ಷರ ಕೂಡಿಸಿ ಓದಿದ.

"ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ?"

ಇಲಿಯಪ್ಪ ಓಣಿಯ ಕಡೆ ನೋಡುತ್ತಿದ್ದ.

"ಹತ್ತು."

"ಇನ್ನೂ ಕೈಯೇ ಹಾಕಿಲ್ಲವಲ್ಲೋ."

ವಾಚ್‌ಮನ್ ಒಮ್ಮೆ ಅವನ ಮುಖ ನೋಡಿದ, ಒಮ್ಮೆ ತೆರೆದ ಬಾಗಿಲು ನೋಡಿದ. ಎಲ್ಲದಕ್ಕೂ ಒಂದು ಮಾತು ಸೇರಿಸುವ ಮನುಷ್ಯ ಆ ಹೊತ್ತು ಯಾವ ಮಾತನ್ನೂ ಸೇರಿಸಲಿಲ್ಲ. ಪೆನ್ಸಿಲನ್ನು ನಾಲಿಗೆಗೆ ತಾಗಿಸಿಕೊಂಡು ಹತ್ತು ಎಂದೇ ಬರೆದುಕೊಂಡ.